ಮೆಲ್ಬೋರ್ನಿನ ದಾರ, ಸಿಂಚನಾಳ ಮೊಣಕೈ

ಸಿಡ್ನಿಗೆ ಕಾಲಿಟ್ಟಾಗ ನನ್ನನ್ನು ಮೊದಲು ವಿಚಾರಿಸಿಕೊಂಡದ್ದು ಒಂದು ನಾಯಿ. ಲಗೇಜಿಗಾಗಿ ಕಾದು ನಿಂತಿದ್ದೆ. ಅದು ಬಂದು ನನ್ನ ಚೀಲ ಮೂಸಿ ಅಲ್ಲೇ ಕುಳಿತುಬಿಟ್ಟಿತು. ಸಮವಸ್ತ್ರದ ಹೆಂಗಸೊಬ್ಬಳು ನಗುತ್ತಲೇ ಚೀಲ ಬಿಚ್ಚಿಸಿದಳು. ಕರಿಬೇವು ಕಸದ ಡಬ್ಬಿಗೆ ಹೋಯಿತು, ಶೇಂಗಾ ಚಟ್ನಿಪುಡಿ ಪಾಸಾಯಿತು. ತಳದಲ್ಲಿ ಮೊಮ್ಮಗಳಿಗೆಂದು ಹೊಲಿಸಿ ತಂದಿದ್ದ ಖಣದ ಲಂಗ ಕಂಡಾಗ ಮಾತ್ರ ಆಕೆ ಕೆಲಸ ಮರೆತು ಅದರ ಅಂಚನ್ನು ಹೆಬ್ಬೆರಳಿನಿಂದ ಸವರಿದಳು. ಬಟ್ಟೆಯ ಬೆಲೆ ಗೊತ್ತಿದ್ದವರು ಮುಟ್ಟುವ ರೀತಿ ಬೇರೆಯೇ ಇರುತ್ತದೆ. ಕರಿಬೇವಿನ ಮೇಲಿನ ಸಿಟ್ಟನ್ನು ಅಲ್ಲಿಯೇ ಬಿಟ್ಟು ಹೊರಬಂದೆ.

ನಾನು ಹುಬ್ಬಳ್ಳಿಯ ಬಟ್ಟೆ ವ್ಯಾಪಾರಿ. ಇಳಕಲ್ಲು ಸೀರೆ, ಖಣ, ನೂಲಿನ ಧೋತರ ನನ್ನ ಸರಕು. ಅಂಗಡಿಯಲ್ಲಿ ಹಣದ ಗಲ್ಲೆಯ ಮೇಲೊಂದು ಬೋರ್ಡು ತೂಗಿದ್ದೇನೆ: ‘ನಮ್ಮಲ್ಲಿ ನೈಲಾನ್ ಸಿಗುವುದಿಲ್ಲ.’ ಗಿರಾಕಿಗೆ ಅನುಮಾನ ಬಂದರೆ ಒಂದು ಎಳೆ ಕಿತ್ತು, ಕಡ್ಡಿ ಗೀರಿ, ಸುಟ್ಟು ತೋರಿಸುವುದು ನಮ್ಮಲ್ಲಿಯ ಪದ್ಧತಿ. ನೂಲಾದರೆ ಕಾಗದ ಸುಟ್ಟ ವಾಸನೆ, ಹಗುರವಾದ ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ನಾತ, ಬೆರಳಲ್ಲಿ ಪುಡಿಯಾಗುವ ಕರಿ ಗುಂಡು. ನೈಲಾನ್ ಆದರೆ ಮುದುಡಿ, ಕರಗಿ, ತಣಿದ ಮೇಲೆ ಕಲ್ಲಿನಂಥ ಮಣಿ. ಬೆಂಕಿ ಸುಳ್ಳು ಹೇಳುವುದಿಲ್ಲ ಎಂದು ಗಿರಾಕಿಗಳಿಗೆ ಹೇಳಿ ಹೇಳಿ ನಾನೇ ಅದನ್ನು ವೇದವಾಕ್ಯ ಮಾಡಿಕೊಂಡಿದ್ದೆ.

ಆ ಬೋರ್ಡಿನ ಹಿಂದೆ ನನ್ನ ಕಮಲಕ್ಕ ಇದ್ದಾಳೆ. ನೈಲಾನ್ ಸೀರೆ ಹೊಸದಾಗಿ ಬಂದ ಕಾಲದಲ್ಲಿ, ಮದುವೆಯಾದ ವರ್ಷವೇ, ಪಂಪ್ ಸ್ಟೋವ್ ಭಗ್ಗೆಂದು ಅವಳ ಸೆರಗು ಹಿಡಿಯಿತು. ಸೀರೆ ಉರಿಯುವುದರ ಜೊತೆಗೆ ಕರಗಿ ಬಲತೋಳಿಗೆ ಅಂಟಿಕೊಂಡಿತು. ಅಕ್ಕ ಬದುಕಿದಳು. ಗಾಯ ಮಾಗುತ್ತ ಮಾಗುತ್ತ ಮೊಣಕೈ ಮಡಚಿಕೊಂಡಿತು, ಮತ್ತೆ ಬಿಚ್ಚಲಿಲ್ಲ. ಸಾಯುವವರೆಗೂ ಅವಳು ಎಡಗೈಯಲ್ಲೇ ತಲೆ ಬಾಚಿಕೊಂಡಳು. ಅದನ್ನು ನೋಡುತ್ತ ಬೆಳೆದವನು ನಾನು. ಆ ದಾರವನ್ನು ಹೇಗೆ ಮಾರಲಿ?

ನನ್ನ ಮಗಳು ಗೀತಾಳ ಮನೆ ಇರುವುದು ಸಿಡ್ನಿಯ ಕ್ವೇಕರ್ಸ್ ಹಿಲ್ಲಿನಲ್ಲಿ. ಅವಳು ಮ್ಯಾಕ್ವೆರಿ ಪಾರ್ಕಿನ ಔಷಧ ಕಂಪನಿಗೆ ಕಾರಿನಲ್ಲಿ ಹೋಗುತ್ತಾಳೆ, ಅಳಿಯ ಪ್ರಶಾಂತ ನಾರ್ತ್ ಸಿಡ್ನಿಗೆ ರೈಲಿನಲ್ಲಿ. ನನ್ನ ಹೆಂಡತಿಯೂ ಬರಬೇಕಿತ್ತು. “ವಿಮಾನದಾಗ ನನ್ನ ಮೊಣಕಾಲು ಎಲ್ಲಿ ಇಟಗೊಳ್ಳಲಿ? ನೀವ ಹೋಗಿ ಕೂಸಿನ ಕೈ ನೋಡ್ಕೊಂಡು ಬರ್ರಿ” ಎಂದು ಹಿಂದುಳಿದಳು. ಕೂಸಿನ ಕೈ ಎಂದರೆ ಮೊಮ್ಮಗಳು ಸಿಂಚನಾಳದು. ಆರು ವರ್ಷದ ಹುಡುಗಿ ಮೇಜಿನ ಬಟ್ಟೆ ಎಳೆದು ಕುದಿಯುವ ಚಹಾವನ್ನು ಬಲಗೈ ಮೇಲೆ ಸುರಿದುಕೊಂಡಿದ್ದಳು. ಗಾಯ ಮುಚ್ಚಿತ್ತು, ಆದರೆ ಮೊಣಕೈಯ ಸುತ್ತ ಕೆಂಪಗೆ ದಪ್ಪ ಕಲೆ ಎದ್ದಿತ್ತು. ಅದರ ಮೇಲೆ ಮುಂಗೈಯಿಂದ ರಟ್ಟೆಯವರೆಗೆ ಬಿಗಿಯಾದ, ಚರ್ಮದ ಬಣ್ಣದ ಒಂದು ತೋಳಚೀಲ. ಸ್ನಾನದ ಹೊತ್ತು ಬಿಟ್ಟರೆ ಹಗಲೂ ರಾತ್ರಿ ಅದು ಮೈಮೇಲೇ ಇರಬೇಕೆಂದು ಆಸ್ಪತ್ರೆಯವರು ಹೇಳಿದ್ದರು.

ಹೋದ ಮರುದಿನವೇ ನನ್ನ ಬೆರಳು ಸುಮ್ಮನಿರಲಿಲ್ಲ. ಒಗೆದು ಒಣಹಾಕಿದ್ದ ಇನ್ನೊಂದು ತೋಳಚೀಲವನ್ನು ಮುಟ್ಟಿ ನೋಡಿದೆ. ಹೊಲಿಗೆಯ ಬದಿಯಿಂದ ಎಳೆಯೊಂದನ್ನು ಕಿತ್ತು, ಅಡಿಗೆಮನೆಯ ಕಟ್ಟೆಯ ಹತ್ತಿರ ನಿಂತು ಕಡ್ಡಿ ಗೀರಿದೆ. ಎಳೆ ಮುದುಡಿತು, ಕರಗಿತು, ತಟ್ಟೆಯ ಮೇಲೆ ಬಿದ್ದು ಮಣಿಯಾಯಿತು.

“ಗೀತಾ, ಇದು ನೈಲಾನ್! ಸುಟ್ಟ ಕೈಗೆ ನೈಲಾನ್ ಹಾಕ್ಯಾರ! ಕಮಲತ್ತಿ ಕೈ ನೆನಪಿಲ್ಲೇನು ನಿನಗ?”

“ಅಪ್ಪಾ, ಥೆರಪಿಸ್ಟೇ ಮೆಜರ್‌ಮೆಂಟ್ ತಗೊಂಡು ಮಾಡಿಸಿದ್ದು...” ಎಂದಳು ಗೀತಾ. ಆದರೆ ಅವಳ ಕಣ್ಣು ಆ ಮಣಿಯ ಮೇಲಿತ್ತು. ಅತ್ತೆಯ ತೋಳನ್ನು ಅವಳೂ ಕಂಡವಳು. ಪ್ರಶಾಂತ ಒಂದೆರಡು ಮಾತು ವಾದಿಸಿದ. ನಾನು ಮಣಿಯನ್ನು ಅವನ ಅಂಗೈಗೆ ಇಟ್ಟೆ. ತೋಳಚೀಲಗಳೆರಡೂ ಡ್ರಾಯರ್ ಸೇರಿದವು. ನಾನು ತಂದಿದ್ದ ಮೆತ್ತನೆಯ ನೂಲಿನ ಬಟ್ಟೆಯನ್ನು ಕೂಸಿನ ಕೈಗೆ ಸುತ್ತಿದೆವು. ಬಾಗಿಲ ಹತ್ತಿರ ನಿಂತು ಸಿಂಚನಾ ಎಲ್ಲವನ್ನೂ ನೋಡುತ್ತಿದ್ದಳು. ಅದು ಯಾರ ಗಮನಕ್ಕೂ ಬರಲಿಲ್ಲ. ಮುಂದಿನ ವಾರ ಥೆರಪಿಸ್ಟ್ ನೋಡುವವರಿದ್ದರು. ಆಗ ನಾನೇ ಬಂದು ಮಾತಾಡುತ್ತೇನೆ ಎಂದು ಮೀಸೆ ತಿರುವಿದೆ.

ಆ ನಡುವೆ ಮೆಲ್ಬೋರ್ನಿಗೆ ಹೋಗುವುದು ಮೊದಲೇ ನಿಶ್ಚಯವಾಗಿತ್ತು. ನನ್ನ ಅಣ್ಣನ ಮಗ ಶಿವಾನಂದ ಅಲ್ಲಿದ್ದಾನೆ. ವಿಮಾನ ಬೇಡ, ದೇಶ ನೋಡಬೇಕೆಂದು ಹಗಲು ರೈಲಿಗೆ ಟಿಕೆಟ್ ಮಾಡಿಸಿದ್ದೆ. ಸುಮಾರು ಒಂಬೈನೂರೈವತ್ತು ಕಿಲೋಮೀಟರ್. ಬೆಳಿಗ್ಗೆ ಹತ್ತಿದರೆ ಸಂಜೆ ಇಳಿಯುವುದು. ಊರುಗಳು ಮುಗಿದ ಮೇಲೆ ಹುಲ್ಲುಗಾವಲು, ಹುಲ್ಲುಗಾವಲು ಮುಗಿದ ಮೇಲೂ ಹುಲ್ಲುಗಾವಲು. ಒಣಗಿ ಹಳದಿಯಾದ ಆ ನೆಲದ ತುಂಬ ಕುರಿಗಳು. ನಮ್ಮ ಕಡೆ ಹಿಂಡು ಎನ್ನುವುದನ್ನು ಅಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯಲಾರರು.

ಪಕ್ಕದ ಸೀಟಿನಲ್ಲಿ ಕೂತಿದ್ದ ಮುದುಕ ಗೌಲ್ಬರ್ನ್ ಕಡೆಯ ಕುರಿಗಾರ. ಗೀತಾ ಕಟ್ಟಿಕೊಟ್ಟಿದ್ದ ಚಪಾತಿಯಲ್ಲಿ ಪಾಲು ಕೊಟ್ಟೆ. ಚಟ್ನಿಪುಡಿಗೆ ಕಣ್ಣೀರು ಹಾಕಿದರೂ ಬಿಡದೆ ತಿಂದ. ಜಗತ್ತಿನಲ್ಲಿ ಉಣ್ಣೆಯಂಥ ಬಟ್ಟೆ ಇಲ್ಲವೆಂದು ಅರ್ಧ ತಾಸು ಹೇಳಿದ. ನಾನು ನೂಲಿನ ಪರವಾಗಿ ಅರ್ಧ ತಾಸು ಹೇಳಿದೆ. ಕೊನೆಗೆ ಆತನ ಜಾಕೆಟ್ಟಿನ ಕಡೆ ನನ್ನ ಕೈ ಹೋಯಿತು. ಮೆತ್ತಗೆ, ರೋಮ ರೋಮವಾಗಿ, ಹತ್ತಿಯಷ್ಟು ಹಗುರ. ಅಪ್ಪಟ ಪಾಲಿಯೆಸ್ಟರ್! ಸಿಕ್ಕಿಬಿದ್ದ ಹುಡುಗನಂತೆ ಆತ ನಕ್ಕ. “ಹಗುರ, ಬೆಚ್ಚಗೆ, ತೊಳೆದರೆ ಬೇಗ ಒಣಗುತ್ತೆ. ಕುರಿಗಳಿಗೆ ಹೇಳಬೇಡ” ಎಂದ. ಆಚಾರ ಹೇಳೋಕೆ ಬದನೆಕಾಯಿ ತಿನ್ನೋಕೆ ಎನ್ನುವುದು ಆ ದೇಶದಲ್ಲೂ ನಿಜ.

ಶಿವಾನಂದ ಸ್ಟೇಷನ್ನಿಗೆ ಬಂದಿದ್ದ. ಬಿಸಿ ಸಿಡ್ನಿಯಿಂದ ಬಂದ ನನಗೆ ಮೆಲ್ಬೋರ್ನಿನ ಗಾಳಿ ಕಿವಿ ಹಿಡಿದು ತಿರುವಿದ ಹಾಗಾಯಿತು. ಇವನು ಬಟ್ಟೆಯ ವಿದ್ಯೆಯಲ್ಲೇ ಇಂಜಿನಿಯರಿಂಗ್ ಓದಿದವನು. ನಗರದ ಹೊರಗಿನ ಕಾರ್ಖಾನೆಯೊಂದರಲ್ಲಿ ನೈಲಾನ್ ದಾರ ತೆಗೆಯುವ ವಿಭಾಗ ನೋಡಿಕೊಳ್ಳುತ್ತಾನೆ. ಆ ಕೆಲಸ ಸಿಕ್ಕಾಗ ಪೇಢೆ ಕಳಿಸಿದ್ದ. ನಾನು ಪೇಢೆ ತಿಂದು, ‘ಪಾಪದ ದಾರ’ ಎಂದು ಫೋನಿನಲ್ಲಿ ಬೈದಿದ್ದೆ. ಅವನು ಅದನ್ನು ಮರೆತಿರಲಿಲ್ಲ.

“ಕಾಕಾ, ನಾಳೆ ನಿಮ್ಮನ್ನ ಪಾಪದ ಗುಡಿಗೆ ಕರಕೊಂಡು ಹೋಗ್ತೇನಿ. ಒಂದ ಶರತ್ತು. ಕಡ್ಡಿಪೆಟ್ಟಿಗಿ ಮನಿಯಾಗ ಬಿಡ್ರಿ.”

ಬಿಟ್ಟು ಹೋದೆ. ಹೊರಗಿನಿಂದ ಅದು ಕಾರ್ಖಾನೆಗಿಂತ ದೊಡ್ಡ ಗೋದಾಮಿನ ಹಾಗಿತ್ತು. ತಲೆಗೆ ಟೊಪ್ಪಿಗೆ, ಕಿವಿಗೆ ಸದ್ದು ತಗ್ಗಿಸುವ ಬೆಂಡು, ಕಾಲಿಗೆ ಉಕ್ಕಿನ ಮೂತಿಯ ಬೂಟು ಹಾಕಿಸಿದ ಶಿವಾನಂದ ಮೊದಲು ನನ್ನ ಅಂಗೈಗೆ ಒಂದು ಹಿಡಿ ಸಾಬೂದಾನಿಯಂಥ ಬಿಳಿ ಹರಳು ಸುರಿದ.

“ಇದ ನೋಡ್ರಿ ನೈಲಾನ್. ಕಲ್ಲೆಣ್ಣಿಯಿಂದ ಬಂದ ಎರಡು ರಾಸಾಯನಿಕ ಒಂದಕ್ಕೊಂದು ಕೈ ಹಿಡಕೊಂಡು ಉದ್ದನ್ನ ಸರಪಳಿ ಆಗ್ಯಾವ. ಕಣ್ಣಿಗೆ ಕಾಣಂಗಿಲ್ಲ. ಈ ಒಂದು ಹರಳಿನಾಗ ಎಣಿಸಲಾರದಷ್ಟು ಸರಪಳಿ ಅದಾವ, ಎಲ್ಲಾ ಗೋಜಲು.”

ಹರಳುಗಳನ್ನು ಒಣಗಿಸಿ, ಇನ್ನೂರ ಅರವತ್ತು ಡಿಗ್ರಿಗೂ ಮೇಲೆ ಕಾಯಿಸಿ ಪಾಕ ಮಾಡುತ್ತಾರೆ. ಪಾಕವನ್ನು ಸೋಸಿ, ಸಣ್ಣ ತೂತುಗಳಿರುವ ಉಕ್ಕಿನ ಬಿಲ್ಲೆಯೊಳಗಿಂದ ಒತ್ತುತ್ತಾರೆ. ಬಿಲ್ಲೆಯನ್ನು ಕೈಯಲ್ಲಿ ಹಿಡಿದೆ, ತೂತು ಕಾಣಲಿಲ್ಲ. ದೀಪಕ್ಕೆ ಹಿಡಿದಾಗ ಚಿಕ್ಕೆಗಳ ಹಾಗೆ ಮಿನುಗಿದವು. ನಮ್ಮ ಮನೆಯ ಶ್ಯಾವಿಗೆ ಒತ್ತು ನೆನಪಾಯಿತು. ಆದರೆ ಇಲ್ಲಿ ಒತ್ತುವವರ ಕೈಯಿಲ್ಲ, ಒಣಹಾಕುವ ಕೌದಿಯಿಲ್ಲ. ತೂತಿನಿಂದ ಹೊರಬಿದ್ದ ಎಳೆಗಳು ತಣ್ಣನೆ ಗಾಳಿಯಲ್ಲಿ ಇಳಿಯುತ್ತಲೇ ಗಟ್ಟಿಯಾಗಿ, ಒಂದು ಹನಿ ಎಣ್ಣೆ ಸವರಿಸಿಕೊಂಡು, ಒಂದಾಗಿ ಕೂಡಿ, ಕೆಳಗಿನ ಮಹಡಿಯಲ್ಲಿ ತಿರುಗುವ ಉರುಳೆಗೆ ಓಡುತ್ತಿದ್ದವು. ನಿಮಿಷಕ್ಕೆ ಮೂರು ಸಾವಿರ ಮೀಟರು ಎಂದ. ಚಕ್ರ ತಿರುಗುತ್ತಿರುವುದೇ ಕಾಣಲಿಲ್ಲ. ದಾರ ಓಡುತ್ತಿರುವುದೂ ಕಾಣಲಿಲ್ಲ. ಎದುರಿಗೆ ಬೆಳಕಿನ ಗೆರೆಯೊಂದು ಅಲುಗಾಡದೆ ನಿಂತಿತ್ತು, ಅಷ್ಟೇ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವಷ್ಟು ದಾರ ನಾನು ಒಂದು ಚಹಾ ಕುಡಿಯುವುದರೊಳಗೆ ಸುತ್ತಿ ಮುಗಿಯುತ್ತದೆ. ಹುಳ ಇಲ್ಲ, ಗಿಡ ಇಲ್ಲ, ಕುರಿ ಇಲ್ಲ. ನಾನು ಬಾಯಿ ತೆರೆದು ನಿಂತಿದ್ದೆ. ನನ್ನ ಇಡೀ ಆಯುಷ್ಯ ದಾರದ ನಡುವೆ ಕಳೆದಿದೆ, ದಾರ ಹುಟ್ಟುವುದನ್ನು ಅಂದೇ ಮೊದಲು ನೋಡಿದ್ದು.

“ಇದು ಇನ್ನೂ ಕಚ್ಚಾ ದಾರ” ಎಂದ ಶಿವಾನಂದ. ಉರುಳೆಯೊಂದರಿಂದ ಮೊಳದುದ್ದ ಹರಿದು ಕೊಟ್ಟ. “ಎಳೀರಿ.”

ಎಳೆದೆ. ದಾರ ಹರಿಯಲಿಲ್ಲ, ಹರಿದು ಹೋಗುತ್ತದೆ ಎಂದುಕೊಂಡ ಕಡೆ ಒಮ್ಮೆಲೆ ಸಣ್ಣಗಾಗಿ, ಆ ಸಣ್ಣತನ ಎರಡೂ ಬದಿಗೆ ಸರಿಯುತ್ತ ಹೋಗಿ, ಮೊಳ ಇದ್ದದ್ದು ಮೂರು ಮೊಳ ದಾಟಿತು. ಬಿಟ್ಟರೆ ಹಿಂದಕ್ಕೆ ಬರಲಿಲ್ಲ. ಮತ್ತೆ ಎಳೆದರೆ ಈಗ ಅದು ಬೆರಳು ಕೊಯ್ಯುವಷ್ಟು ಗಟ್ಟಿ.

“ಏನ ಮಾಡಿದಿರಿ ಗೊತ್ತೇನು? ಒಳಗಿನ ಸರಪಳಿ ಎಲ್ಲಾ ಸಿಕ್ಕಾಗಿದ್ದುವು. ನೀವು ಎಳೆದು ಸಾಲಾಗಿ ಮಲಗಿಸಿದಿರಿ. ತಲಿ ಬಾಚಿದಂಗ. ನಾವು ಇದನ್ನ ರೋಲರ್ ಮ್ಯಾಲೆ ಮಾಡ್ತೇವಿ. ದಾರ ಗಟ್ಟಿ ಆಗೋದು ಪಾಕದಿಂದಲ್ಲ ಕಾಕಾ, ಎಳೆತದಿಂದ.”

ಆಮೇಲೆ ಕಾವಿನ ಗುಟ್ಟು ತೋರಿಸಿದ. ದಾರವನ್ನು ತಿರುಚಿ, ಕರಗದಷ್ಟು ಬಿಸಿ ತಾಗಿಸಿ, ತಣಿಸಿದರೆ ಅದು ಆ ಗುಂಗುರನ್ನು ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಎಷ್ಟು ತೊಳೆದರೂ ಗುಂಗುರೇ. ಗುಂಗುರಿನ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ, ಅದಕ್ಕೇ ಮೆತ್ತಗೆ, ಅದಕ್ಕೇ ಬೆಚ್ಚಗೆ. ರೈಲಿನ ಕುರಿಗಾರನ ಜಾಕೆಟ್ಟಿನ ಬಿಸುಪು ಎಲ್ಲಿಂದ ಬಂತೆಂದು ಆಗ ಹೊಳೆಯಿತು. ಬಟ್ಟೆಯ ಗುಣ ಗಿಡದಿಂದ, ಹುಳದಿಂದ ಬರುತ್ತದೆ ಎಂದು ತಿಳಿದವನು ನಾನು. ಇಲ್ಲಿ ಮನುಷ್ಯ ಒಂದೊಂದು ಗುಣವನ್ನೂ ಕೂಡಿಸಿ ಇಡುತ್ತಿದ್ದ.

ಕೊನೆಗೆ ಅವನ ಮೇಜಿನ ಮೇಲಿದ್ದ ಸಣ್ಣ ಉರುಳೆಯನ್ನು ಕೈಗಿತ್ತ. ಇದರ ನಡುವಿನ ಹಿಗ್ಗುವ ಎಳೆ ಬೇರೆ ಕಡೆ ತಯಾರಾಗುತ್ತದೆಯಂತೆ. ಇವರು ಅದಕ್ಕೆ ನೈಲಾನ್ ಸುತ್ತಿ ನೋಡುತ್ತಿದ್ದರು. ಎಳೆದೆ. ಉದ್ದಕ್ಕೆ ಬಂತು. ಬಿಟ್ಟೆ. ಚಟ್ಟನೆ ಹಿಂದಕ್ಕೆ ಹೋಯಿತು. ಹತ್ತು ಸಲ ಮಾಡಿದರೂ ಹಾಗೆಯೇ.

“ಈ ಸರಪಳಿಯಾಗ ಮೆತ್ತಗಿನ ತುಂಡು, ಗಟ್ಟಿ ತುಂಡು ಎರಡೂ ಅದಾವ. ಮೆತ್ತಗಿಂದು ಸುರುಳಿ ಸುತ್ತಿಕೊಂಡಿರ್ತೈತಿ, ಎಳೆದ್ರ ಬಿಚ್ಚಿಕೊಳ್ತೈತಿ. ಗಟ್ಟಿ ತುಂಡು ಒಂದನ್ನೊಂದು ಅಪ್ಪಿಕೊಂಡು ಬಿಡಂಗಿಲ್ಲ. ಹಿಂಗಾಗಿ ಎಷ್ಟು ಎಳೆದ್ರೂ ಮನಿಗೆ ವಾಪಸ್.”

“ಇದು ಯಾವುದಕ್ಕ?”

“ಈಜೋ ಬಟ್ಟಿ, ಸಾಕ್ಸು. ಮತ್ತ ಸುಟ್ಟಗಾಯದವರ ತೋಳಚೀಲ.”

ನನ್ನ ಕೈಯಲ್ಲಿದ್ದ ಎಳೆ ಹಾಗೆಯೇ ಬಿಗಿದು ನಿಂತಿತು. ಸಿಂಚನಾಳ ವಿಷಯ, ಕಡ್ಡಿ ಗೀರಿದ್ದು, ಡ್ರಾಯರ್, ಎಲ್ಲ ಹೇಳಿದೆ. ಶಿವಾನಂದನ ಮುಖದ ನಗು ಇಳಿದುಹೋಯಿತು.

“ಕಾಕಾ, ಒಲಿ ಮುಂದ ನೈಲಾನ್ ಉಡಬಾರದು. ಅದು ಖರೇನ, ನಿಮ್ಮ ಬೋರ್ಡು ತಪ್ಪಲ್ಲ. ಆದ್ರ ಕೂಸಿನ ಮೈ ಎಷ್ಟು ಬಿಸಿ ಇರ್ತೈತಿ? ಮೂವತ್ತೇಳು ಡಿಗ್ರಿ. ಇದು ಕರಗೂದು ಇನ್ನೂರು ದಾಟಿದ ಮ್ಯಾಲೆ. ಸುಟ್ಟ ಚರ್ಮ ವರ್ಷಗಟ್ಟಲೆ ದಪ್ಪಾಗಿ ಬೆಳೀತೈತಿ, ಮುದುಡತೈತಿ. ಅದನ್ನ ಒತ್ತಿ ಹಿಡೀಬೇಕು, ಹಗಲು ರಾತ್ರಿ. ನಿಮ್ಮ ನೂಲು ಹಿಡೀತೈತೇನು? ಪೈಜಾಮದ ಮೊಣಕಾಲು ನೆನಪ ಮಾಡ್ಕೊಳ್ರಿ.”

ಪೈಜಾಮದ ಮೊಣಕಾಲನ್ನು ನನಗೆ ಯಾರೂ ಕಲಿಸಬೇಕಿಲ್ಲ. ಎರಡು ದಿನ ಉಟ್ಟರೆ ಅಲ್ಲಿ ಉಬ್ಬುತ್ತದೆ, ಉಬ್ಬಿದ್ದು ಒಗೆಯುವವರೆಗೆ ಇಳಿಯುವುದಿಲ್ಲ. ನೂಲು ಹಿಗ್ಗಿದರೆ ಸೋತುಬಿಡುತ್ತದೆ. ಹಿಗ್ಗಿಯೂ ಸೋಲದ ದಾರ ನನ್ನ ಕೈಯಲ್ಲಿತ್ತು, ಮತ್ತು ಅದನ್ನೇ ನಾನು ಕೂಸಿನ ಕೈಯಿಂದ ಬಿಚ್ಚಿಸಿ ಬಂದಿದ್ದೆ. ಕಮಲಕ್ಕನ ತೋಳು ಕಣ್ಣ ಮುಂದೆ ಬಂತು. ಅವಳನ್ನು ಸುಟ್ಟದ್ದು ಬೆಂಕಿ ಮತ್ತು ನೈಲಾನ್. ಆದರೆ ಮೊಣಕೈಯನ್ನು ಮಡಚಿದ್ದು ಆಮೇಲಿನ ತಿಂಗಳುಗಳು. ಒತ್ತಿ ಹಿಡಿಯುವ ಬಟ್ಟೆಯೊಂದು ಇಲ್ಲದ ತಿಂಗಳುಗಳು. ಇಂಥದೊಂದು ತೋಳಚೀಲ ಅಂದು ಅವಳಿಗೆ ಸಿಕ್ಕಿದ್ದರೆ ಎಂದು ನೆನೆದು, ಆ ಯಂತ್ರಗಳ ಗದ್ದಲದ ನಡುವೆ ನಾನು ಅತ್ತುಬಿಟ್ಟೆ. ಎಲ್ಲರ ಕಿವಿಗೂ ಬೆಂಡು ಇದ್ದುದರಿಂದ ನನ್ನ ಅಳು ಯಾರಿಗೂ ಕೇಳಲಿಲ್ಲ.

ಕಾರ್ಖಾನೆಯ ಊಟದ ಮನೆಯಿಂದಲೇ ಗೀತಾಗೆ ಫೋನ್ ಮಾಡಿಸಿದೆ.

“ತೋಳಚೀಲ ಹಾಕವ್ವಾ. ಈಗಿಂದೀಗ ಹಾಕು.”

“ನಿನ್ನೇನ ಹಾಕಾಕ ನೋಡಿದ್ವಿ ಅಪ್ಪಾ. ಪ್ರಶಾಂತ್ ಹಾಸ್ಪಿಟಲ್‌ಗೆ ರಿಂಗ್ ಮಾಡಿ ಕೇಳಿದ್ರು, ತೆಗೀಲೇಬಾರದಿತ್ತು ಅಂದ್ರಂತ. ಆದ್ರ ಇವಳು ಮುಟ್ಟಗೊಡವಲ್ಲಳು. ಕಿರಚ್ತಾಳ. ‘ಇಟ್ ಮೆಲ್ಟ್ಸ್, ಅಜ್ಜ ಶೋಡ್ ಮಿ’ ಅಂತಾಳ.”

ಕೂಸು ಬಾಗಿಲಲ್ಲಿ ನಿಂತು ನೋಡಿದ್ದು ಆಗ ನೆನಪಾಯಿತು. ಅವಳ ಮನಸ್ಸಿಗೆ ಕಡ್ಡಿ ಗೀರಿದವನು ನಾನೇ. ಫೋನಿನಲ್ಲಿ ಅದನ್ನು ಆರಿಸುವುದು ಆಗದ ಮಾತು.

ಆ ಕಾರ್ಖಾನೆಯಲ್ಲಿ ಒಂದು ರೂಢಿಯಿದೆ. ಹೊಸ ಉರುಳೆಯ ದಾರವನ್ನು ಸಣ್ಣ ಹೆಣಿಗೆ ಯಂತ್ರದಲ್ಲಿ ಕಾಲುಚೀಲದ ಹಾಗೆ ಕೊಳವೆಯಾಗಿ ಹೆಣೆದು, ಬಣ್ಣಕ್ಕೆ ಅದ್ದಿ, ಎಲ್ಲ ಕಡೆ ಒಂದೇ ಸಮ ಹಿಡಿಯಿತೇ ಎಂದು ನೋಡುತ್ತಾರೆ. ನಮ್ಮ ಕಡ್ಡಿ ಗೀರುವ ಪದ್ಧತಿಯಂತೆಯೇ, ಇದು ಅವರ ಪರೀಕ್ಷೆ. ನಾನು ಶಿವಾನಂದನ ಕೈ ಹಿಡಿದೆ. “ಆ ಹಿಗ್ಗೋ ದಾರದಾಗ ನನಗೊಂದು ಹೆಣೆದು ಕೊಡು. ಮುಂಗೈಯಿಂದ ರಟ್ಟಿ ತನಕಾ.” ಅವನು ಯಂತ್ರಕ್ಕೆ ದಾರ ಪೋಣಿಸಿದ.

ಮರುದಿನದ ರೈಲಿನಲ್ಲಿ ಸಿಡ್ನಿಗೆ ಹೊರಟಾಗ ನನ್ನ ಬಲತೋಳಿನ ಮೇಲೆ ಅದು ಇತ್ತು. ಮೊದಲ ಗಂಟೆ ತುರಿಸಿತು. ಆಮೇಲೆ ಯಾರೋ ಮೆಲ್ಲಗೆ ಕೈ ಹಿಡಿದುಕೊಂಡು ಕೂತ ಹಾಗಿತ್ತು. ರೈಲು ಮರ್ರೆ ನದಿ ದಾಟಿತು, ಅದೇ ಹುಲ್ಲು, ಅದೇ ಕುರಿಗಳು. ಹೋಗುವಾಗ ಅವುಗಳನ್ನು ನೋಡಿದ ಕಣ್ಣು ಬರುವಾಗ ಇರಲಿಲ್ಲ. ನನ್ನ ತೋಳನ್ನೇ ನೋಡುತ್ತ ಕೂತೆ.

ಕ್ವೇಕರ್ಸ್ ಹಿಲ್ಲಿನ ಮನೆಯಲ್ಲಿ ಮರುದಿನ ಬೆಳಿಗ್ಗೆ ಸಿಂಚನಾ ಹತ್ತಿರ ಬರಲಿಲ್ಲ. ಸೋಫಾದ ಹಿಂದಿನಿಂದ ನನ್ನ ತೋಳು ನೋಡಿದಳು.

“ಅಜ್ಜ, ಈಸ್ ಯುವರ್ಸ್ ಗೋಯಿಂಗ್ ಟು ಮೆಲ್ಟ್?”

“ನೋಡೂಣಂತ ಬಾ” ಎಂದೆ.

ಹಿತ್ತಲಲ್ಲಿ ಬಟ್ಟೆ ಒಣಹಾಕುವ ಕಂಬದ ಹತ್ತಿರ ಕುರ್ಚಿ ಹಾಕಿ, ಬಿಸಿಲಿಗೆ ತೋಳು ಚಾಚಿ ಕುಳಿತೆ. ಅವಳು ಹುಲ್ಲಿನ ಮೇಲೆ ದೂರ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ಬಂದು ಒಂದು ಬೆರಳಿನಿಂದ ಮುಟ್ಟಿ ಓಡಿದಳು. ಮತ್ತೆ ಬಂದಳು. ಒಳಗೆ ಹೋಗಿ ಉಗುರುಬೆಚ್ಚಗಿನ ನೀರು ತಂದು ಸುರಿದಳು. ಏನೂ ಆಗಲಿಲ್ಲ. ಆಮೇಲೆ ಅಂಚು ಹಿಡಿದು ಎಳೆದು ಬಿಟ್ಟಳು; ಚಟ್ಟನೆ ನನ್ನ ತೋಳಿಗೆ ಬಡಿಯಿತು. “ಅಯ್ಯಯ್ಯೋ!” ಎಂದು ಕೂಗಿದೆ. ಕೂಸು ಕಿಸಕ್ಕೆಂದು ನಕ್ಕಿತು. ಮತ್ತೆ ಎಳೆದು ಬಿಟ್ಟಳು, ಮತ್ತೆ ಕೂಗಿದೆ. ಎಷ್ಟು ಸಲ ಹೊಡೆಸಿಕೊಂಡೆನೋ. ನನ್ನ ಕಡ್ಡಿಗೆ ಸಿಗಬೇಕಾದ ಶಿಕ್ಷೆಯೇ ಎಂದುಕೊಂಡು ಖುಷಿಯಿಂದ ಹೊಡೆಸಿಕೊಂಡೆ.

“ಅವತ್ತು ಅಜ್ಜ ಬೆಂಕಿ ಹಚ್ಚಿದ್ದ ಪುಟ್ಟಿ, ಅದಕ್ಕ ಕರಗಿತು. ನಿನ್ನ ಕೈಯಾಗ ಬೆಂಕಿ ಎಲ್ಲೈತಿ? ಅಜ್ಜಗ ತಿಳೀಲಿಲ್ಲ. ಅಜ್ಜಂದು ತಪ್ಪು.”

ಅವಳು ಎದ್ದು ಒಳಗೆ ಹೋದಳು. ಡ್ರಾಯರ್ ತೆರೆದ ಸದ್ದು ಕೇಳಿತು. ತೋಳಚೀಲ ತಂದು ತನ್ನ ತಾಯಿಗಲ್ಲ, ನನಗೆ ಕೊಟ್ಟು, “ಸ್ಲೋಲಿ, ಓಕೆ?” ಎಂದಳು. ನೂಲಿನ ಬಟ್ಟೆ ಬಿಚ್ಚಿದೆ. ಆ ಕೆಲವೇ ದಿನಗಳಲ್ಲಿ ಕಲೆ ಮೊದಲಿಗಿಂತ ಉಬ್ಬಿದ ಹಾಗೆ ನನಗೆ ಕಂಡಿತು. ನನ್ನ ಕಣ್ಣಿನ ಭ್ರಮೆಯೋ ಏನೋ. ನಿಧಾನವಾಗಿ, ಉಸಿರು ಹಿಡಿದು, ಮೊಣಕೈ ದಾಟಿಸಿದೆ.

ಥೆರಪಿಸ್ಟ್ ಹತ್ತಿರ ಮಾತಾಡಲು ಹೋದವನು ಬಾಯಿ ಮುಚ್ಚಿಕೊಂಡು ಕೇಳಿ ಬಂದೆ. ಸಿಂಚನಾಳಿಗೆ ಕೈ ಪೂರ್ತಿ ಚಾಚಲು ಬರುತ್ತಿರಲಿಲ್ಲ; ಸ್ವಲ್ಪ ಉಳಿದಿತ್ತು. ದಿನವೂ ಎಳೆದು ವ್ಯಾಯಾಮ ಮಾಡಿಸಿ, ಚೀಲ ಬಿಚ್ಚಬೇಡಿ, ಬರಬಹುದು ಎಂದರು ಆಕೆ. ‘ಬರುತ್ತದೆ’ ಎನ್ನಲಿಲ್ಲ. ಉಳಿದ ವಾರಗಳಲ್ಲಿ ನಾನು ಒಪೇರಾ ಹೌಸನ್ನು ದೂರದಿಂದ ನೋಡಿದೆ, ಸೇತುವೆಯ ಕೆಳಗೆ ದೋಣಿಯಲ್ಲಿ ಹೋದೆ. ಆದರೆ ನನ್ನ ನಿಜವಾದ ಕೆಲಸ ಬೆಳಿಗ್ಗೆ, ಸಂಜೆ ಹಿತ್ತಲಿನಲ್ಲಿತ್ತು. ಇಬ್ಬರೂ ತೋಳಚೀಲ ಹಾಕಿಕೊಂಡು ಎದುರು ಬದುರು ನಿಂತು ಕೈ ಚಾಚುವುದು. ಅವಳು ಅತ್ತ ದಿನಗಳೂ ಇದ್ದವು.

ನಾನು ಹೊರಡುವ ದಿನ ಸಿಂಚನಾ ಖಣದ ಲಂಗ ಉಟ್ಟುಕೊಂಡು ವಿಮಾನ ನಿಲ್ದಾಣಕ್ಕೆ ಬಂದಳು. ಒಳಗೆ ಹೋಗುವ ಬಾಗಿಲ ಹತ್ತಿರ ನಾನು ತಿರುಗಿ ನನ್ನ ತೋಳಚೀಲದ ಕೈ ಎತ್ತಿದೆ. ಅವಳು ರೂಢಿಯಂತೆ ಎಡಗೈ ಬೀಸಿದಳು. ಆಮೇಲೆ ಏನೋ ನೆನಪಾದವಳಂತೆ ಅದನ್ನು ಇಳಿಸಿ, ಬಲಗೈಯನ್ನು ತಲೆಯ ಮೇಲಕ್ಕೆ ಎತ್ತತೊಡಗಿದಳು. ಮೊಣಕೈ ನಡುವೆ ಒಮ್ಮೆ ನಿಂತಿತು. ಅವಳು ತುಟಿ ಕಚ್ಚಿದಳು. ನನ್ನ ಹಿಂದಿನವರು ಸರಿಯಿರಿ ಸರಿಯಿರಿ ಎನ್ನುತ್ತಿದ್ದರು, ನಾನು ಸರಿಯಲಿಲ್ಲ. ಆ ಕೈ ಮೆಲ್ಲಗೆ, ಮೆಲ್ಲಗೆ ಬಿಚ್ಚಿಕೊಂಡು ನೆಟ್ಟಗೆ ನಿಂತಿತು.